ಎದುರು ಹಾಡು ಕೊಟ್ಟ ಬೇಸಿಗೆ

ಹೋದ ತಿಂಗಳು ಸಿಂಧನೂರಿನಿಂದ ಮಸ್ಕಿಗೆ ಮದುವೆಗೆ ಹೊರಟಿದ್ದೆವು. ಕಾರು ನಡೆಸುತ್ತಿದ್ದವಳು ನನ್ನ ಹಿರಿಯ ಮೊಮ್ಮಗಳು ಪೂರ್ಣಿಮಾ. ಭತ್ತದ ಹುಲ್ಲು ಹೇರಿಕೊಂಡ ಟ್ರ್ಯಾಕ್ಟರೊಂದು ರಸ್ತೆಗೆ ಅಡ್ಡ ನಿಂತಿದ್ದರಿಂದ ಒಂದು ಊರಿನ ಮುಂದೆ ನಾವೂ ನಿಂತೆವು. ಹೊಸ ಹುಲ್ಲಿನ ವಾಸನೆ, ಅದರ ಬೆನ್ನಿಗೇ ಊದಿನಕಡ್ಡಿಯ ವಾಸನೆ. ರಸ್ತೆ ಪಕ್ಕದ ಮನೆಯೊಂದರ ಮುಂದೆ ಶಾಮಿಯಾನ ಹಾಕಿದ್ದರು. ಒಳಗಿನಿಂದ ಹೆಂಗಸರ ದನಿ ಏರಿ ಏರಿ ಇಳಿಯುತ್ತಿತ್ತು.

"ಅಜ್ಜಿ, ಅವರು ಅಳಾಕತ್ತಾರೋ ಹಾಡಾಕತ್ತಾರೋ?"

"ಎರಡೂ."

"ಏನೋಪಾ, ವಿಚಿತ್ರ," ಎಂದು ಪೂರ್ಣಿ ಗಾಜು ಏರಿಸಿದಳು. ಟ್ರ್ಯಾಕ್ಟರು ಸರಿಯಿತು, ನಾವು ಮುಂದೆ ಹೋದೆವು. ಮದುವೆಯ ಊಟದ ಪಂಕ್ತಿಯಲ್ಲಿ ಕುಳಿತರೂ ಆ ದನಿ ನನ್ನ ಕಿವಿಯಿಂದ ಇಳಿಯಲಿಲ್ಲ.

ಅದು ವಿಚಿತ್ರವಲ್ಲ, ಪೂರ್ಣಿ. ನಿನ್ನ ಅಜ್ಜಿ ಎಮ್ಮೆಲ್ಲೆ ಆದದ್ದೇ ಆ ಅಳುವಿನಿಂದ. ನೀವು ಮೊಮ್ಮಕ್ಕಳೆಲ್ಲ ಆಗ ಸಣ್ಣವರು, ಕೆಲವರು ಹುಟ್ಟಿಯೇ ಇರಲಿಲ್ಲ. ಬಾಯಲ್ಲಿ ಹೇಳಲು ಹೋದರೆ ನನಗೆ ಈಗಲೂ ಮಾತು ಜೋಡಿಸಲು ಬರುವುದಿಲ್ಲ. ಗುರುಗುಂಟಾ ಕಡೆಯ ನಮ್ಮ ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರ ಮಾತ್ರ ಕೈಬಿಟ್ಟಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ತಾತನ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ. ಅವರು ಇದ್ದಾಗ ನಾಲಿಗೆಗೆ ತರದ ಹೆಸರನ್ನು ಈಗ ಪೆನ್ನಿಗೆ ಯಾಕೆ ತರಲಿ? ಲಿಂಗಸುಗೂರಿನ ನಮ್ಮ ಮನೆಯ ಗೋಡೆಯಲ್ಲಿ ಫೋಟೋದ ಕೆಳಗೆ ಅದು ಇದ್ದೇ ಇದೆ. ಬಸ್‌ಸ್ಟ್ಯಾಂಡಿನ ಹತ್ತಿರ ಅವರದೊಂದು ಪಂಪ್‌ಸೆಟ್ ರಿಪೇರಿ ಅಂಗಡಿ ಇತ್ತು. ಸುಟ್ಟ ಮೋಟರು ಹೊತ್ತು ಬಂದ ರೈತರು ವೈರು ಸುತ್ತಿಸಿಕೊಳ್ಳುವ ತನಕ ಅಲ್ಲಿಯೇ ಕುಳಿತು ತಮ್ಮ ಊರಿನ ಕಷ್ಟ ಹೇಳುತ್ತಿದ್ದರು. ಕೇಳಿ ಕೇಳಿ ಇವರು ತಹಶೀಲಿ ಕಚೇರಿಗೆ ಅವರ ಜೊತೆ ಹೋಗತೊಡಗಿದರು. ಹಾಗೆ ಪಂಚಾಯಿತಿ, ಆಮೇಲೆ ಜಿಲ್ಲಾ ಪಂಚಾಯಿತಿ. ಎಮ್ಮೆಲ್ಲೆ ಚುನಾವಣೆಗೆ ಮೊದಲ ಸಲ ನಿಂತಾಗ ಸೋತರು. ಆಮೇಲೆ ಎರಡು ಸಲ ಬೆನ್ನುಬೆನ್ನಿಗೆ ಗೆದ್ದರು. ಗೆದ್ದರೂ ಅಂಗಡಿಯ ಚಾಳಿ ಹೋಗಲಿಲ್ಲ. ಹಲ್ಲುಜ್ಜುವಾಗಲೂ ಎದುರಿಗೆ ಯಾರಾದರೂ ನಿಂತು ಕಷ್ಟ ಹೇಳುತ್ತಿರಬೇಕು, ಉಣ್ಣುವಾಗ ಬಂದವರೆಲ್ಲ ಪಕ್ಕದಲ್ಲಿ ಉಣ್ಣಬೇಕು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ರೊಟ್ಟಿ, ಪುಂಡಿಪಲ್ಲೆ ಕಳಿಸುತ್ತಿದ್ದೆ. ಮನೆಯಲ್ಲಿ ಉಂಡುಹೋದವರನ್ನು ದನಿಯಿಂದ ಗುರುತಿಸುತ್ತಿದ್ದೆನೇ ಹೊರತು ಮುಖದಿಂದಲ್ಲ.

ಅವರಿಗೆ ಬಾರದ ಮಾತು ಒಂದೇ, ಇಲ್ಲ ಎನ್ನುವುದು. ಯಾರು ಏನು ಕೇಳಿದರೂ "ಆತು, ಮಾಡೂಣು," ಅನ್ನುತ್ತಿದ್ದರು. ಬಹಳಷ್ಟು ಮಾಡಿದರು ಕೂಡ. ಎರಡನೆಯ ಅವಧಿಯ ನಡುವೆ, ದೀಪಾವಳಿ ಮುಗಿದ ವಾರ, ಬೆಂಗಳೂರಿನಿಂದ ಬಂದವರು ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕುಳಿತರು. ಮೇಲೆ ಏಳಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಉಪಚುನಾವಣೆ ಎಂದರು. ನನ್ನ ಮೈದುನ ಯಮನಪ್ಪ ಒಂದು ಬೆಳಿಗ್ಗೆ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತ. ಅಣ್ಣ ಬದುಕಿದ್ದಾಗ ಜೀಪು, ಪೋಸ್ಟರು, ಜನ ಎಲ್ಲ ನೋಡಿಕೊಳ್ಳುತ್ತಿದ್ದವನು ಅವನೇ.

"ಅತ್ತಿಗಿ, ಪಾರ್ಟಿಯವರು ನಿಮ್ಮ ಹೆಸರು ಹೇಳ್ಯಾರ."

"ನನ್ನ ಹೆಸರು ಅವರಿಗೆ ಹೆಂಗ ಗೊತ್ತು?"

"ನಾ ಹೇಳೀನಿ. ನೀವು ಏನೂ ಮಾತಾಡೋದು ಬ್ಯಾಡ. ಅಣ್ಣನ ಫೋಟೋ ಹಿಡಕೊಂಡು ಕೈ ಮುಗಿದು ನಿಂದ್ರರಿ. ಕಡೀಕ ಸೆರಗೊಡ್ಡಿ ಒಂದು ಓಟು ಕೇಳರಿ. ಉಳದದ್ದು ನಾ ನೋಡಿಕೋತೀನಿ."

ಒಳಗೆ ಅಕ್ಕಿ ಆರಿಸುತ್ತಿದ್ದ ಹುಲಿಗೆವ್ವ ಮೊರ ಕುಟ್ಟಿದಳು. ಅವಳು ನಿಮ್ಮ ತಾತನ ದೊಡ್ಡಪ್ಪನ ಮಗಳು, ನನಗಿಂತ ಹಿರಿಯಳು, ನನಗಿಂತ ಮೊದಲೇ ಗಂಡನನ್ನು ಕಳೆದುಕೊಂಡವಳು. ನಾಲಿಗೆಗೆ ಸಾಣೆ ಹಿಡಿದವಳು.

"ಮಣ್ಣೆತ್ತು ಮಾಡಿ ಕುಂದ್ರಸ್ತೀಯೇನೋ ಯಮನ್ಯಾ? ಪೂಜಿ ಮಾಡಾಕ ಚಂದ ಇರತೈತಿ. ಹೊಲ ಹೂಡಾಕ ಬರಂಗಿಲ್ಲ."

"ಹೊಲ ಹೂಡಾಕ ನಾ ಇಲ್ಲೇನು ಅಕ್ಕಾ?" ಎಂದು ನಕ್ಕ.

ನನಗೆ ನಗು ಬರಲಿಲ್ಲ. ಆದರೆ ಬೇಡ ಎಂದೂ ಅನ್ನಲಿಲ್ಲ. ಅಷ್ಟು ಜನ ಉಂಡ ಮನೆ ಇದ್ದಕ್ಕಿದ್ದಂತೆ ಖಾಲಿಯಾಗಿತ್ತು. ಬಾಗಿಲ ಹಿಂದೆ ನಿಂತರೂ ಕೇಳಿಸುವ ದನಿ ಇರಲಿಲ್ಲ. ಆ ದನಿಗಳು ಇರುವ ಕಡೆ ಹೋಗಬೇಕೆನಿಸಿತು.

ನಮ್ಮ ಕಡೆಯ ರೀತಿ ನಿಮಗೆ ಗೊತ್ತಿರಲಿ. ಗಂಡ ತೀರಿದ ಹೆಂಗಸು ಮೊದಲ ಸಲ ಒಂದು ಊರಿಗೆ ಕಾಲಿಟ್ಟರೆ, ಅಲ್ಲಿನ ಹೆಂಗಸರು ಅವಳ ಕೊರಳಿಗೆ ಬಿದ್ದು ಹಾಡಿಕೊಂಡು ಅಳುತ್ತಾರೆ. ಸತ್ತವನು ಹೇಗಿದ್ದ, ಏನು ಮಾಡಿದ, ಏನು ಬಿಟ್ಟುಹೋದ ಎಂದು ಸಾಲಿಗೆ ಸಾಲು ಕಟ್ಟುತ್ತಾರೆ. ಅಳಿಸಿಕೊಂಡವಳು ಎದುರು ಹಾಡು ಕೊಡಬೇಕು. ಕೊಡದಿದ್ದರೆ ಹಾಡಿದವಳ ಮಾತು ನೆಲಕ್ಕೆ ಬಿದ್ದಂತೆ.

ಮೊದಲ ಊರು ಗುರುಗುಂಟಾ ಕಡೆಯದು. ಶಿವರಾತ್ರಿ ಆಗಷ್ಟೇ ಮುಗಿದಿತ್ತು. ಆಗಲೇ ಜೀಪಿನ ಕಬ್ಬಿಣ ಮುಟ್ಟಿದರೆ ಚುರ್ ಅನ್ನುತ್ತಿತ್ತು. ನಾನು ಇಳಿಯುವುದೇ ತಡ, ಹೆಂಗಸರು ಸುತ್ತುಗಟ್ಟಿದರು. ಒಬ್ಬಳು ನನ್ನ ಹೆಗಲಿಗೆ ಗದ್ದ ಊರಿ ಹಾಡತೊಡಗಿದಳು. ನನ್ನ ಎದುರಿಗೇ ಬಸ್ಸಿನ ತಂಗುದಾಣವಿತ್ತು, ಅದರ ಮೇಲೆ ನಿಮ್ಮ ತಾತನ ಹೆಸರೂ ಇತ್ತು.

"ನೆಳ್ಳು ಕಟ್ಟಿಸಿ ಹೋದೆಲ್ಲೋ ನನ್ನಪ್ಪಾ, ಬಸ್ಸು ಮರತು ಹೋದೆಲ್ಲೋ,
ನೆಳ್ಳಾಗ ಕುಂತು ಕುಂತು ನನ್ನಪ್ಪಾ, ಮಗಳು ಕಾಲೇಜು ಬಿಟ್ಟಾಳಲ್ಲೋ."

ನನ್ನ ಅಳು ಅರ್ಧಕ್ಕೆ ನಿಂತಿತು. ನನ್ನ ಮರ್ಯಾದೆ ಉಳಿಸಲು ಹುಲಿಗೆವ್ವ ಪಕ್ಕದಿಂದ ಎದುರು ಹಾಡು ಕೊಟ್ಟಳು. ಅತ್ತ ಯಮನಪ್ಪ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ: "ಊರಿಗೆ ಊರೇ ಅಳಾಕತ್ತೈತ್ರೀ ಸಾಹೇಬ್ರ. ಗೆದ್ದಂಗ ಅಂತ ತಿಳಕೋರಿ!"

ಅಷ್ಟೇ ಆಗಿದ್ದರೆ ಬೇರೆ. ಆ ಅಳುವನ್ನು ವಿಡಿಯೋ ಮಾಡಿಸಿ ಎಲ್ಲರ ಮೊಬೈಲಿಗೆ ಕಳಿಸಿದ. ಹೆಂಗಸರ ದನಿ ತೆಗೆಸಿ ಅದರ ಜಾಗದಲ್ಲಿ ಶಹನಾಯಿ ಹಾಕಿಸಿದ್ದ.

ಜೀಪಿನಲ್ಲಿ ನಾನು ಹುಲಿಗೆವ್ವನ ಕಿವಿಗೆ ಬಾಗಿದೆ. "ಅಕ್ಕಾ, ಆಕಿ ಏನಂದಳು ಕೇಳಿದ್ಯಾ?"

"ನನಗ ಕಿವಿ ಅದಾವ. ಈ ಗಂಡಸರಿಗೆ ಬರೇ ಕಣ್ಣ ಅದಾವ, ನೀರು ಕಂಡ್ರ ಸಾಕು."

"ಸೀದಾ ಹೇಳಬಾರದೇನು? ಬಸ್ಸು ಬಂದಿಲ್ಲಂತ?"

"ಸತ್ತವನ ಹೇಣ್ತಿ ಮುಂದ ಸೀದಾ ಹೇಳಾಕ ಬರತೈತೇನು? ಅದಕ್ಕ ಹಾಡು ಐತಿ. ಹಾಡಿನಾಗ ಏನಂದ್ರೂ ತಪ್ಪಿಲ್ಲ. ನೀ ಎದುರು ಹಾಡು ಕೊಡಬೇಕು. ನಿನ್ನ ಬದಲಿ ನಾ ಎಷ್ಟೂರಾಗ ಬಾಯಿ ಬಡಕೊಳ್ಳಲಿ?"

ಆಮೇಲೆ ನಾನು ಅಳುವುದನ್ನು ಕಡಿಮೆ ಮಾಡಿ ಕೇಳುವುದನ್ನು ಹೆಚ್ಚು ಮಾಡಿದೆ. ಬಾಗಿಲ ಹಿಂದೆ ನಿಂತು ಕಲಿತ ವಿದ್ಯೆ ಅದೊಂದೇ ತಾನೆ? ಒಂದು ಊರಲ್ಲಿ ಒಬ್ಬಳು, ಹೆರಿಗೆ ನೋವು ತಿನ್ನುತ್ತಿದ್ದ ತನ್ನ ಸೊಸೆಯನ್ನು ನಿಮ್ಮ ತಾತ ತಮ್ಮ ಜೀಪಿನಲ್ಲೇ ದವಾಖಾನೆಗೆ ಮುಟ್ಟಿಸಿದ್ದನ್ನು ಹಾಡಿದಳು. ಆ ಕೂಸಿಗೆ ಅವರದೇ ಹೆಸರಿಟ್ಟಿದ್ದರಂತೆ. ಅದೇ ಊರಿನ ಇನ್ನೊಬ್ಬಳು, ವೃದ್ಧಾಪ್ಯ ವೇತನಕ್ಕೆ ಹೆಬ್ಬೆಟ್ಟು ಒತ್ತಿ ಒತ್ತಿ ಬೆರಳೇ ಸವೆಯಿತು ಎಂದು ಹಾಡಿದಳು. ನಾಲ್ಕು ಗೋಡೆಯೊಳಗೆ ನನಗೆ ಗೊತ್ತಿದ್ದ ಗಂಡ ಒಬ್ಬರು. ಊರೂರಿನಲ್ಲಿ ಕೊರಳಿಗೆ ಬಿದ್ದು ಹೆಂಗಸರು ತೋರಿಸಿದವರು ಇನ್ನೊಬ್ಬರು. ಇಬ್ಬರೂ ಒಳ್ಳೆಯವರೇ. ಎರಡನೆಯವರು ಅರ್ಧಕ್ಕೆ ಎದ್ದುಹೋದವರು.

ತುರ್ವಿಹಾಳ ದಾಟಿ ಕಾಲುವೆ ಬಯಲಿಗೆ ಬಂದೆವು. ಎರಡೂ ಕಡೆ ಭತ್ತ ತೆನೆ ಹಾಲು ತುಂಬಿಕೊಂಡು ನಿಂತಿತ್ತು. ಕಣ್ಣಿಗೆ ತಂಪು. ಮುಂದೆ ಹೋದಂತೆ ಹಸಿರು ತೆಳ್ಳಗಾಯಿತು, ಆಮೇಲೆ ಬರಿಯ ಕರಿಮಣ್ಣು ಬಿರುಕು ಬಿಟ್ಟಿತ್ತು. ನಮ್ಮ ಉಪಕಾಲುವೆಯ ಕೊನೆಯ ಊರು ಅದು. ಕುಡಿಯುವ ನೀರಿನ ಕೆರೆಯೊಳಗೆ ಹುಡುಗರು ಕ್ರಿಕೆಟ್ ಆಡುತ್ತಿದ್ದರು.

ಅಲ್ಲಿ ನನ್ನ ಕೊರಳಿಗೆ ಬಿದ್ದವಳು ಪಾರ್ವತೆಮ್ಮ ಎಂಬ ಮುದುಕಿ. ನಿಮ್ಮ ತಾತ ಆ ಊರಿಗೆ ಹೋದಾಗಲೆಲ್ಲ ಅವಳ ಮನೆಯಲ್ಲೇ ರೊಟ್ಟಿ ತಿನ್ನುತ್ತಿದ್ದರಂತೆ, ಅವಳು ಅವರನ್ನು ಮಗ ಎಂದೇ ಕರೆಯುತ್ತಿದ್ದಳಂತೆ. ಸಣ್ಣ ದೇಹ, ದನಿ ಮಾತ್ರ ಬಾವಿಯಿಂದ ಬಂದಂತಿತ್ತು.

"ತುದಿಗೆ ನೀರು ತರತೀನಂತ ಕಾಲುವ್ಯಾಗ ನಿಂತು ಹೇಳಿದೆಲ್ಲೋ ನನ ಮಗನ,
ತಮ್ಮನ ಗದ್ದಿ ಪೈಪಿನಾಗ ಆ ಮಾತು ಹರದು ಹೋತಲ್ಲೋ ನನ ಮಗನ."

ಹಾಡುತ್ತಲೇ ನನ್ನ ಮುಖ ನೋಡಿದಳು. ಕಣ್ಣಲ್ಲಿ ನೀರಿತ್ತು, ಆದರೆ ಕಣ್ಣು ಕದಲಲಿಲ್ಲ. ಉತ್ತರ ಕಾಯುತ್ತಿದ್ದಳು. ಈ ಸಲ ಹುಲಿಗೆವ್ವನೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಪಾರ್ವತೆಮ್ಮ ತೋಳು ಸಡಿಲಿಸಿ ಹಿಂದೆ ಸರಿದಳು. ಯಮನಪ್ಪ ದೂರದಲ್ಲಿ ಹುಡುಗರಿಗೆ ಟವೆಲ್ ಹಂಚುತ್ತಿದ್ದ.

ವಾಪಸು ಬರುವ ದಾರಿಯಲ್ಲಿ ನಮ್ಮದೇ ಗದ್ದೆಯ ಹತ್ತಿರ ಜೀಪು ನಿಲ್ಲಿಸಲು ಹೇಳಿದೆ. ಕಾಲುವೆಯ ಏರಿಯ ಮೇಲೆ ನಡೆದೆ. ನೀರಿನ ಒಳಗೆ, ಕಲ್ಲಿನ ಸಂದಿಯಲ್ಲಿ, ದಪ್ಪ ಕರಿ ಪೈಪುಗಳು ಬಾಯಿ ಹಾಕಿಕೊಂಡು ಮಲಗಿದ್ದವು. ಸರ್ಕಾರದ ತೂಬು ಬೇರೆ ಇತ್ತು. ಇವು ನಮ್ಮವು, ಕದ್ದು ಹಾಕಿದವು.

"ಯಮನಪ್ಪ, ಇವು ಯಾವಾಗಿನವು?"

"ಎಲ್ಲಾರೂ ಹಾಕ್ಯಾರ ಅತ್ತಿಗಿ. ನಮದೊಂದs ಅಲ್ಲ."

"ನಿಮ್ಮ ಅಣ್ಣಗ ಗೊತ್ತಿತ್ತಾ?"

ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಚುನಾವಣಿ ಮುಗೀಲಿ. ಆಮ್ಯಾಲ ನೋಡೂಣು."

ಮನೆಗೆ ಬಂದ ಮೇಲೆ ಹುಲಿಗೆವ್ವ ಹೇಳಿದಳು: "ಗೊತ್ತಿತ್ತು. ಅವನಿಗೆ ಊರಿಗೆಲ್ಲಾ ಮಾಡೂಣು ಅನ್ನಾಕ ಬರತಿತ್ತು. ಮನ್ಯಾಗ ತಮ್ಮಗ ಬ್ಯಾಡ ಅನ್ನಾಕ ಬರಲಿಲ್ಲ." ಕಾಲು ತೊಳೆಯಲು ಹೋಗುತ್ತಾ, "ಕೆಟ್ಟವನಲ್ಲ ಬಿಡು," ಅಂದಳು.

ಅಂದು ರೊಟ್ಟಿ ಬಡಿಯುತ್ತಾ ನನಗೆ ಒಂದೇ ಯೋಚನೆ. ಫೋಟೋ ಹಿಡಿದು ನಿಂತು ಗೆದ್ದರೆ ಕುರ್ಚಿ ನನ್ನದು, ಮಾತು ಯಮನಪ್ಪನದು, ನೀರು ಆ ಪೈಪಿನದು. ಪಾರ್ವತೆಮ್ಮನ ಕೆರೆಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಲೇ ಇರುತ್ತಾರೆ. ಇಲ್ಲ ಎಂದು ಹೇಳುವುದಾದರೆ ಗೆಲ್ಲುವ ಮೊದಲೇ ಹೇಳಬೇಕು. ಗೆದ್ದ ಮೇಲೆ ಹೇಳಲು ಬಿಡುವವರು ಯಾರು?

ಕೊನೆಯ ದೊಡ್ಡ ಸಭೆ ಮಸ್ಕಿಯಲ್ಲಿ, ಇಳಿಹೊತ್ತಿಗೆ. ಬೆಂಗಳೂರಿನಿಂದ ದೊಡ್ಡ ಲೀಡರು ಬಂದಿದ್ದರು. ಪೆಂಡಾಲಿನ ಕೆಳಗೆ ಕಾವು, ಮೇಲೆ ಫ್ಯಾನು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿತ್ತು. ಹೆಂಗಸರೆಲ್ಲ ಮುಂದೆ, ನೆಲದ ಮೇಲೆ ಕುಳಿತಿದ್ದರು. ಬಸ್ಸಿಲ್ಲದ ಊರಿನವಳು ಕಂಡಳು. ಪಾರ್ವತೆಮ್ಮನೂ ಕಂಡಳು.

"ಎರಡs ಮಾತು ಅತ್ತಿಗಿ," ಎಂದು ಯಮನಪ್ಪ ಮೈಕಿನ ಹತ್ತಿರ ಬಿಟ್ಟು ಹೋದ. "ಸೆರಗೊಡ್ಡಿ ಬೇಡತೀನಿ ಅನ್ರಿ, ಅಷ್ಟs."

ಕೈ ಮುಗಿದೆ. ಸೆರಗು ಒಡ್ಡಲು ಕೈ ಬರಲಿಲ್ಲ. ಭಾಷಣ ನನಗೆ ಗೊತ್ತಿಲ್ಲ. ಮೈಕು ಕುಂಯ್ ಎಂದಿತು. ಹಿಂದೆ ಯಾರೋ ಕೆಮ್ಮಿದರು. ಮುಂದಿನ ಸಾಲಿನಲ್ಲಿ ಪಾರ್ವತೆಮ್ಮ ಅಂದಿನ ಹಾಗೆಯೇ ನೋಡುತ್ತಿದ್ದಳು, ಕಣ್ಣು ಕದಲಿಸದೆ. ಆಗ ಹೊಳೆಯಿತು: ನಾನು ಇಲ್ಲಿ ಭಾಷಣ ಮಾಡಬೇಕಿಲ್ಲ. ಇವರಿಗೆಲ್ಲ ಕೊಡಬೇಕಾದ ಎದುರು ಹಾಡು ಕೊಟ್ಟರೆ ಸಾಕು. ಅದು ನಮ್ಮ ಊರಿನ ಎಲ್ಲ ಹೆಣ್ಣುಮಕ್ಕಳಿಗೂ ಬರುತ್ತದೆ. ನನಗೂ ಬರುತ್ತದೆ.

ಮೈಕಿಗೆ ಬೆನ್ನು ಕೊಟ್ಟು, ವೇದಿಕೆಯ ಮೇಲಿದ್ದ ಅವರ ಫೋಟೋದ ಕಡೆ ತಿರುಗಿ ಶುರು ಮಾಡಿದೆ. ಮೈಕಿನವನು ಓಡಿ ಬಂದು ಮೈಕು ತಿರುಗಿಸಿದ.

"ನೆಳ್ಳು ಕಟ್ಟಿ ಹೋದೆಲ್ಲೋ ನನ ರಾಜಾ, ಬಸ್ಸು ನನಗ ಬಿಟ್ಟೆಲ್ಲೋ,
ಬಿಟ್ಟ ಬಸ್ಸು ತರತೀನೋ ನನ ರಾಜಾ, ಹುಡುಗ್ಯಾರ ಸಾಲಿ ತಪ್ಪಸಾಂಗಿಲ್ಲೋ."

ಹೆಂಗಸರ ನಡುವಿನಿಂದ ಒಂದು ಅಳು ಎದ್ದಿತು. ಬೆಂಗಳೂರಿನ ಲೀಡರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಯಮನಪ್ಪನೂ ಒರೆಸಿಕೊಂಡ, ಅಣ್ಣನ ಮೇಲೆ ಅವನಿಗೆ ನಿಜವಾದ ಪ್ರೀತಿ ಇತ್ತು. ಹೆಬ್ಬೆಟ್ಟು ಸವೆದವಳಿಗೆ ಒಂದು ಸಾಲು ಕೊಟ್ಟೆ. ಸೊಸೆಯ ಹೆರಿಗೆಯನ್ನು ಹಾಡಿದವಳಿಗೆ ಒಂದು ಸಾಲು ಕೊಟ್ಟೆ. ಯಮನಪ್ಪ ಕಣ್ಣೊರೆಸುತ್ತಲೇ ವಿಡಿಯೋದವನಿಗೆ ಹತ್ತಿರ ಹೋಗಲು ಸನ್ನೆ ಮಾಡಿದ.

"ತುದಿಯ ಕೆರಿ ಒಣಗೈತೋ ನನ ರಾಜಾ, ನಮ್ಮ ಗದ್ದಿ ಹಸುರೈತೋ,
ನಾಳಿ ಹೊತ್ತು ಏರೋದ್ರಾಗ ನನ ರಾಜಾ, ನಮ್ಮ ಪೈಪು ಕೀಳತೀನೋ."

ಯಮನಪ್ಪನ ಟವೆಲು ಮುಖದ ಮೇಲೆಯೇ ನಿಂತಿತು. ಲೀಡರು ಇನ್ನೂ ಒರೆಸಿಕೊಳ್ಳುತ್ತಲೇ ಇದ್ದರು. ಹೆಂಗಸರು ಮಾತ್ರ ಅಳು ನಿಲ್ಲಿಸಿದ್ದರು. ನಾನು ತಿರುಗಿ ನೋಡಿದರೆ ಪಾರ್ವತೆಮ್ಮ ನೆಲಕ್ಕೆ ಕೈ ಊರಿ ಏಳುತ್ತಿದ್ದಳು. "ಕೇಳಿತವ್ವಾ!" ಎಂದು ಕೂಗಿದಳು. ಎದುರು ಹಾಡು ಮುಟ್ಟಿದಾಗ ಹೇಳುವ ಮಾತು ಅದು. ಆಮೇಲೆ ಸಾಲಿನಿಂದ ಸಾಲಿಗೆ ಅದೇ ಮಾತು ಹಿಂದಕ್ಕೆ ಹೋಯಿತು, "ಕೇಳಿತವ್ವಾ, ಕೇಳಿತು."

ಮರುದಿನ ಬೆಳಿಗ್ಗೆ ಕಾಲುವೆಯ ಏರಿಗೆ ಹೋದೆ. ಹುಲಿಗೆವ್ವ ಬುತ್ತಿ ಕಟ್ಟಿಕೊಂಡು ಬಂದಳು, ಜೊತೆಗೆ ನಮ್ಮ ಹೊಲದ ಆಳುಗಳು. ಯಮನಪ್ಪ ನಮಗಿಂತ ಮೊದಲೇ ಬಂದು ಪೈಪಿನ ಮೇಲೆ ನಿಂತಿದ್ದ. ಮುಖ ಉರಿಯುತ್ತಿತ್ತು.

"ಅತ್ತಿಗಿ, ಭತ್ತ ಹಾಲುಗಾಳು ಐತಿ. ಈಗ ನೀರು ತಪ್ಪಿದ್ರ ಜೊಳ್ಳು. ಇದು ನಮ್ಮ ಮನೀ ಬೆಳಿ!"

"ಬೆಳಿ ನಮದು ಯಮನಪ್ಪ. ನೀರು ಅವರದು."

"ಅಣ್ಣ ಇದ್ದಿದ್ರ ಹಿಂಗ ಮಾಡತಿರಲಿಲ್ಲ."

"ಇಲ್ಲ," ಅಂದೆ. "ಅವರು ಮಾಡತಿರಲಿಲ್ಲ. ನಾ ಮಾಡತೀನಿ. ಸರಿ ಅಲ್ಲಿಂದ."

ಆ 'ಇಲ್ಲ' ನನ್ನ ಬಾಯಿಂದ ಬಂದದ್ದು ನನಗೇ ಸೋಜಿಗ. ನಮ್ಮ ಮನೆಯಲ್ಲಿ ಬಹಳ ವರ್ಷಗಳಿಂದ ಯಾರೂ ಆಡದ ಮಾತು. ಅವನು ನನ್ನನ್ನೇ ನೋಡಿದ, ಆಮೇಲೆ ಕೆಳಗಿಳಿದ. ಆಳುಗಳು ಹಾರೆ ಹಾಕಿದರು. ಮೊದಲ ಪೈಪು ಮೇಲೆ ಬಂದಾಗ ಕೆಸರು ಸಿಡಿದು ನನ್ನ ಬಿಳಿ ಸೀರೆಯ ಮೇಲೆ ಬಿತ್ತು. "ಇಷ್ಟ ದಿನಕ್ಕ ನಿನ್ನ ಸೀರಿಗೆ ಬಣ್ಣ ಬಂತು ನೋಡು," ಎಂದು ಹುಲಿಗೆವ್ವ ನಕ್ಕಳು. ನಾನೂ ನಕ್ಕೆ. ಅವರು ಹೋದ ಮೇಲೆ ಮೊದಲ ಸಲ.

ಬೆಳೆ ಜೊಳ್ಳಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆ ವರ್ಷ ನಮ್ಮ ಮನೆಗೆ ಅಕ್ಕಿ ಕೊಂಡು ತಂದೆವು. ಆದರೆ ಓಟು ಜೊಳ್ಳಾಗಲಿಲ್ಲ. ಚೆನ್ನಾಗಿಯೇ ಗೆದ್ದೆ. ಕಾಲುವೆ ಕಾಯುವ ಲಸ್ಕರನಿಗೆ ಬಾಯಿ ಬಂದಿತ್ತು. "ಎಮ್ಮೆಲ್ಲೆ ಅಮ್ಮನ ಮನಿದs ಕಿತ್ತಾರ, ನಿಮದ್ಯಾವ ಊರ ಪೈಪು?" ಎಂದು ಕಾಲುವೆಯ ಮೇಲ್ಭಾಗದ ರೈತರನ್ನು ಕೇಳುತ್ತಾ ಹೋದನಂತೆ. ಕೆಲವರು ಬೈದುಕೊಂಡು ಕಿತ್ತರು, ಕೆಲವರದನ್ನು ಕೀಳಿಸಬೇಕಾಯಿತು. ಅಧಿಕಾರಿಗಳ ಮುಂದೆ ಕುಳಿತಾಗ ನನಗೆ ಉದ್ದ ಮಾತು ಬೇಕಾಗಲಿಲ್ಲ. ಆಗುತ್ತದೆಯೋ ಇಲ್ಲವೋ, ಇಲ್ಲವಾದರೆ ಯಾಕೆ ಎಂದು ಕೇಳಿ ಉತ್ತರ ಬರುವ ತನಕ ಸುಮ್ಮನೆ ಕೂಡುತ್ತಿದ್ದೆ. ಸುಮ್ಮನೆ ಕೂಡುವುದರಲ್ಲಿ ನನ್ನನ್ನು ಸೋಲಿಸಿದ ಅಧಿಕಾರಿಯನ್ನು ನಾನು ಕಾಣೆ.

ಯುಗಾದಿ ಕಳೆದ ಮೇಲೆ ತುದಿಯ ಊರಿಗೆ ನೀರು ಬಂತು. ದೊಡ್ಡ ನೀರಲ್ಲ. ಮುಂದೆ ಮುಂದೆ ಒಣ ಹುಲ್ಲು, ಒಂದು ಹಳೆ ಚಪ್ಪಲಿ, ಹಿಂದೆ ಕೆಂಪು ನೀರು ತೆವಳುತ್ತಾ ಕೆರೆಗೆ ಇಳಿಯಿತು. ಹುಡುಗರು ಸ್ಟಂಪು ಕಿತ್ತುಕೊಂಡು ಓಡಿದರು. ಪಾರ್ವತೆಮ್ಮ ಆ ನೀರಲ್ಲಿ ಕಾಲಿಟ್ಟು ನಿಂತು, "ಹೊಲಸು ಅದಾವಲ್ಲೇ ನಿನ್ನ ನೀರು," ಎಂದು ನನ್ನನ್ನೇ ಬೈದಳು. ಮಳೆಗಾಲಕ್ಕೆ ಸರಿಯಾದ ನೀರು ಬಂತು. ಬಸ್ಸು ಬರಲು ಇನ್ನೂ ತಡವಾಯಿತು, ಆದರೆ ಬಂತು. ಯಮನಪ್ಪ ಒಂದು ಮಳೆಗಾಲ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಸಿಂಧನೂರಿನ ಹೋಟೆಲಿನಲ್ಲಿ ಕುಳಿತು, "ಇಡೀ ಕಾಲುವ್ಯಾಗ ಮೊದಲು ಕಿತ್ತವರು ನಾವs," ಎಂದು ಹೇಳಿಕೊಳ್ಳುತ್ತಿದ್ದ ಎಂಬ ಸುದ್ದಿ ಬಂತು. ಅಂದು ಅವನಿಗೆ ಹೋಳಿಗೆ ಮಾಡಿ ಕಳಿಸಿದೆ.

ಉಳಿದ ಅವಧಿ ಮುಗಿಸಿದೆ, ಇನ್ನೊಂದು ಸಲ ನಿಂತು ಗೆದ್ದೆ, ಆಮೇಲೆ ನಾನಾಗಿಯೇ ಬಿಟ್ಟೆ. ಆ ಕಥೆಗಳನ್ನು ನಿಮ್ಮ ಅಪ್ಪಂದಿರು ಹೇಳುತ್ತಾರೆ. ನನಗೆ ಹೇಳಬೇಕಾದದ್ದು ಆ ಒಂದು ಬೇಸಿಗೆ.

ಪಾರ್ವತೆಮ್ಮ ತೀರಿದಾಗ ಅವಳ ಅಂಗಳಕ್ಕೆ ಹೋಗಿ ಹಾಡಿ ಅತ್ತೆ. ಅವಳ ಮೊಮ್ಮಗಳು ನನಗೆ ಎದುರು ಹಾಡು ಕೊಟ್ಟಳು. ಕೆರೆಗೆ ನೀರು ಬಂತು, ನಲ್ಲಿಗೆ ಯಾವಾಗ ಬರತೈತಿ ಎಂದು ಅದರಲ್ಲೇ ಸೇರಿಸಿದಳು. ಅಜ್ಜಿಯ ಮೊಮ್ಮಗಳೇ ಸರಿ.

ಪೂರ್ಣಿ, ಒಂದು ದಿನ ಲಿಂಗಸುಗೂರಿನ ನಮ್ಮ ಮನೆಯ ಮುಂದೆಯೂ ಶಾಮಿಯಾನ ಹಾಕುತ್ತಾರೆ. ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರೂ ತಾಲ್ಲೂಕಿನಿಂದ ಹೆಂಗಸರು ಬರುತ್ತಾರೆ, ನಿನ್ನ ಕೊರಳಿಗೆ ಬೀಳುತ್ತಾರೆ. ಹೆದರಬೇಡ. ನನ್ನನ್ನು ಹೊಗಳುವ ಸಾಲಿಗೆ ಅತ್ತುಬಿಡು, ಅದರಲ್ಲಿ ದೊಡ್ಡ ಕೆಲಸವಿಲ್ಲ. ಆಮೇಲೆ ಬರುವ ಸಾಲು ಕೇಳು. ಹಳ್ಳಕ್ಕೆ ಸೇತುವೆ ಆಗಲಿಲ್ಲ ಎಂದು ಒಬ್ಬಳು ಹಾಡುತ್ತಾಳೆ, ಅದು ನನಗೆ ಈಗಲೇ ಗೊತ್ತು. ಉಳಿದದ್ದು ಗೊತ್ತಿಲ್ಲ, ಹಾಡಿದಾಗಲೇ ತಿಳಿಯಬೇಕು. ನಿನಗೆ ಹಾಡಲು ಬರುವುದಿಲ್ಲ ಎಂದು ಹಿಂದೆ ಸರಿಯಬೇಡ. ನನಗೂ ಮೊದಮೊದಲು ಬಾಯಿ ಬರಲಿಲ್ಲ. ಅವರು ಹಾಡಿ ಮುಗಿಸುವ ತನಕ ತೋಳು ಸಡಿಲಿಸದೆ ನಿಲ್ಲು, ಆಮೇಲೆ ಬಾಯಿ ತೆರೆ.